ಬಯಲು ಹೊಲದಲ್ಲಿ ಇರುಳು ಬೇಟೆ

ಈ ಹೊತ್ತು ಬೀಜದ ಮಾತಿಲ್ಲ, ಗೊಬ್ಬರದ ಮಾತಿಲ್ಲ. ಒಂದು ಪ್ರಾಣಿಯ ಚರಿತ್ರೆಯನ್ನು ಹೇಳಬೇಕೆಂದು ಬಂದಿದ್ದೇನೆ. ಪ್ರಾಣಿ ನಮ್ಮ ಸೀಮೆಯದಲ್ಲ, ದೇಶವೂ ನಮ್ಮದಲ್ಲ. ಆದರೆ ಕುರಿ ಕಳೆದುಕೊಂಡವನ ಸಂಕಟಕ್ಕೆ ದೇಶ ಯಾವುದಾದರೇನು? ಅದೊಂದು ಎಲ್ಲ ಕಡೆಯೂ ಒಂದೇ.

ಈ ಕಥೆ ಹೇಳೋದಕ್ಕೆ ಕಾರಣವುಂಟು. ಹೋದ ಚಳಿಗಾಲದಲ್ಲಿ ಕಡಲೆ ಹೊಲ ನೋಡಲೆಂದು ನನ್ನ ವಲಯದ ಒಂದು ಹಳ್ಳಿಗೆ ಹೋಗಿದ್ದೆ. ಊರ ಹೊರಗಿನ ಹಟ್ಟಿಯಲ್ಲಿ ಒಬ್ಬ ಹಿರಿಯರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಹಿಂದಿನ ರಾತ್ರಿ ತೋಳ ನುಗ್ಗಿ ಮೂರು ಮರಿ ಹೋಗಿದ್ದವು. ಅವರ ಮಗ, ಇಪ್ಪತ್ತೆರಡರ ಹುಡುಗ, ಸತ್ತ ಮರಿಗೆ ಬೆಳೆಗೆ ಹೊಡೆಯುವ ಔಷಧಿ ಸವರಿ ಹಳ್ಳದ ದಂಡೆಯಲ್ಲಿ ಇಡಲು ಹೊರಟಿದ್ದ. ನಾನು ತಡೆದೆ, ಕಾನೂನು ಹೇಳಿದೆ. ಹುಡುಗನಿಗೆ ಸಿಟ್ಟು ಬಂತು. “ಅಮೆರಿಕದಾಗ ರಾತ್ರಿ ಹೊಲದಾಗ ದೀಪ ಹಾಕಿ, ಬಂದೂಕು ಹಿಡಿದು ಇಂಥವನ್ನ ಸಾಲಾಗಿ ಕೆಡವ್ತಾರಂತ್ರೀ. ಅಲ್ಲಿ ರೈತಗ ಬೆಲೆ ಐತಿ. ನಿಮ್ಮ ಕಾನೂನು ನನ್ನ ಮರಿ ತಂದು ಕೊಡ್ತದೇನ್ರೀ?” ಎಂದು ಕೇಳಿದ.

ನಿಜ ಹೇಳಬೇಕೆಂದರೆ ಅವತ್ತು ನನ್ನ ಬಳಿ ಉತ್ತರ ಇರಲಿಲ್ಲ. ಆಮೇಲೆ ಓದಿದೆ. ಅಮೆರಿಕದ ರೈತರು ಆ ಪ್ರಾಣಿಯ ಜೊತೆ ನೂರು ವರ್ಷಕ್ಕೂ ಮಿಕ್ಕಿ ನಡೆಸಿದ ಕಾದಾಟದ ವಿವರ ತಿಳಿಯುತ್ತ ಹೋದಂತೆ, ಆ ಹುಡುಗನ ಪ್ರಶ್ನೆಗೆ ಉತ್ತರವೂ ಸಿಕ್ಕಿತು. ಅದನ್ನೇ ಈಗ ಹೇಳುತ್ತೇನೆ, ಕೇಳಿ.

ಮೊದಲು ಪ್ರಾಣಿಯ ಪರಿಚಯ. ಅಲ್ಲಿಯವರು ಅದನ್ನು ಕಯೋಟಿ ಎನ್ನುತ್ತಾರೆ. ಹೆಸರು ಇಂಗ್ಲಿಷಿನದಲ್ಲ. ಮೆಕ್ಸಿಕೋದ ಮೂಲನಿವಾಸಿಗಳು ‘ಕೊಯೋತ್ಲ್’ ಎಂದು ಕರೆಯುತ್ತಿದ್ದುದು ಸ್ಪೇನಿನವರ ಬಾಯಲ್ಲಿ ಹೊರಳಿ ಹೀಗಾಯಿತು. ನಾಯಿ, ನರಿ, ತೋಳಗಳ ಕುಲದ್ದೇ. ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಸಣ್ಣದು. ತೂಕ ಸಾಮಾನ್ಯವಾಗಿ ೧೦ರಿಂದ ೨೦ ಕಿಲೋ. ೧೮೦೪ರಲ್ಲಿ ಪಶ್ಚಿಮದ ನಾಡನ್ನು ಶೋಧಿಸಲು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಎಂಬಿಬ್ಬರು ಇದನ್ನು ‘ಹುಲ್ಲುಗಾವಲಿನ ತೋಳ’ ಎಂದು ಬರೆದುಕೊಂಡರು. ೧೮೨೩ರಲ್ಲಿ ಥಾಮಸ್ ಸೇ ಎಂಬ ವಿಜ್ಞಾನಿ ಇದಕ್ಕೆ ‘ಬೊಗಳುವ ನಾಯಿ’ ಎಂಬ ಅರ್ಥ ಬರುವ ಶಾಸ್ತ್ರೀಯ ಹೆಸರನ್ನಿಟ್ಟರು. ಇಲಿ, ಹೆಗ್ಗಣ, ಮೊಲ, ಮಿಡತೆ, ಬಿದ್ದ ಹಣ್ಣು, ಸತ್ತ ದನ, ಏನು ಸಿಕ್ಕಿದರೂ ತಿಂದು ಬದುಕುವ ಜೀವ. ಅವಕಾಶ ಸಿಕ್ಕಿದರೆ ಕುರಿಮರಿಯನ್ನೂ ಬಿಡುವುದಿಲ್ಲ. ಜಗಳ ಶುರುವಾದದ್ದು ಅಲ್ಲಿಂದ.

ಇನ್ನು ಆ ನೆಲವನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಮೆರಿಕದ ನಡುಮಧ್ಯೆ ಕ್ಯಾನ್ಸಾಸ್ ಎಂಬ ರಾಜ್ಯವಿದೆ. ನಮ್ಮ ಬಿಜಾಪುರದ ಕಡೆಯ ಬಯಲುಸೀಮೆ ಕಂಡವರಿಗೆ ಆ ನೆಲ ಅಪರಿಚಿತವೆನಿಸದು. ಕಣ್ಣು ಹಾಯುವ ತನಕ ಬಯಲು, ನಡುವೆ ಮರ ಕಾಣುವುದೇ ಅಪರೂಪ. ಗೋದಿ ಅಲ್ಲಿಯ ಮುಖ್ಯ ಬೆಳೆ. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವುದೂ ಅದೇ ರಾಜ್ಯ. ನಮ್ಮ ರೊಟ್ಟಿಯ ಜೋಳದ ಬಳಗವೇ, ಆದರೆ ಅಲ್ಲಿ ಹೆಚ್ಚಾಗಿ ದನಗಳ ಮೇವಿಗೆ. ೧೮೬೨ರಲ್ಲಿ ಅಲ್ಲಿಯ ಸರ್ಕಾರ ಒಂದು ಕಾಯಿದೆ ಮಾಡಿ, ಐದು ವರ್ಷ ನೆಲೆ ನಿಂತು ಉಳುವವನಿಗೆ ೧೬೦ ಎಕರೆ ಭೂಮಿ ಕೊಡುವುದಾಗಿ ಸಾರಿತು. ಮೂಲನಿವಾಸಿಗಳ ನೆಲ ಅದು. ಅವರನ್ನು ಒತ್ತರಿಸಿ ಆ ಭೂಮಿಯನ್ನು ಹಂಚಿದರು. ೧೮೭೪ರಲ್ಲಿ ರಷ್ಯಾದಿಂದ ವಲಸೆ ಬಂದ ಮೆನೊನೈಟ್ ಪಂಥದ ರೈತರು ಚಳಿಗಾಲದ ಕೆಂಪು ಗೋದಿಯ ಬೀಜ ತಂದು ಬಿತ್ತಿದರು. ಸರ್ಕಾರದ ಮೋಜಣಿಯವರು ಮೈಲಿಗೊಂದು ಗೆರೆ ಎಳೆದು ಭೂಮಿಯನ್ನು ಚೌಕ ಚೌಕವಾಗಿ ಕತ್ತರಿಸಿದರು. ಒಂದು ಚೌಕ ೬೪೦ ಎಕರೆ. ಆ ಗೆರೆಗಳೇ ಮುಂದೆ ಹೊಲದ ರಸ್ತೆಗಳಾದವು. ಈ ರಸ್ತೆಗಳನ್ನು ನೆನಪಿಟ್ಟುಕೊಳ್ಳಿ, ಬೇಟೆಯ ಕಥೆಗೆ ಬೇಕಾಗುತ್ತವೆ.

ಅದೇ ಕಾಲಕ್ಕೆ ಬಂದೂಕಿನವರು ಕಾಡೆಮ್ಮೆಗಳ ಹಿಂಡುಗಳನ್ನು ಮುಗಿಸಿಬಿಟ್ಟರು. ಕಾಡೆಮ್ಮೆಯನ್ನು ನಂಬಿದ್ದ ತೋಳಕ್ಕೆ ದನ, ಕುರಿ ಬಿಟ್ಟು ಬೇರೆ ಗತಿಯಿಲ್ಲವಾಯಿತು. ರೈತನೂ ಸುಮ್ಮನೆ ಕೂರಲಿಲ್ಲ. ೧೯೩೦ರ ಹೊತ್ತಿಗೆ ಆ ದೇಶದ ಬಹುಭಾಗದಲ್ಲಿ ತೋಳವೇ ಇಲ್ಲದಂತಾಯಿತು. ತೋಳ ಎಂದರೆ ಕಯೋಟಿಗೆ ಯಮ; ಸಿಕ್ಕಿದಲ್ಲಿ ಕೊಲ್ಲುತ್ತದೆ. ಯಮ ಹೋದ ಮೇಲೆ ಕಯೋಟಿಗೆ ಊರೆಲ್ಲ ಬಯಲಾಯಿತು. ೧೯೯೫ರಲ್ಲಿ ಯೆಲ್ಲೊಸ್ಟೋನ್ ಎಂಬ ಕಾಡಿಗೆ ತೋಳಗಳನ್ನು ಮತ್ತೆ ತಂದು ಬಿಟ್ಟಾಗ ಅಲ್ಲಿಯ ಉತ್ತರ ಭಾಗದ ಕಯೋಟಿಗಳು ಕೆಲವೇ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿದವು. ತೋಳ ಕಯೋಟಿಯನ್ನು ಎಷ್ಟರಮಟ್ಟಿಗೆ ಹಿಡಿತದಲ್ಲಿಟ್ಟಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಕಯೋಟಿಯ ಮೇಲೆ ಹೂಡಿದ ಮೊದಲ ಅಸ್ತ್ರ ಇನಾಮು. ಹಿಂಸ್ರಪಶುವಿನ ತಲೆಗೆ ಹಣ ಕೊಡುವ ಪದ್ಧತಿ ಅಮೆರಿಕದಲ್ಲಿ ಬಹಳ ಹಳೆಯದು. ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ ೧೬೩೦ರಲ್ಲೇ ತೋಳಕ್ಕೆ ಇನಾಮು ಕಟ್ಟಿದ್ದರು. ಆಮೇಲೆ ಪಶ್ಚಿಮದ ರಾಜ್ಯಗಳು ಕಯೋಟಿಗೂ ಕಟ್ಟಿದವು. ಕಿವಿಯನ್ನೋ ತಲೆಚರ್ಮವನ್ನೋ ಕಚೇರಿಗೆ ತಂದೊಪ್ಪಿಸಿದರೆ ಹಣ. ನೋಡಲು ಸೊಗಸಾದ ಏರ್ಪಾಡು, ಅಲ್ಲವೆ? ಆದರೆ ಹಣ ಎಲ್ಲಿದೆಯೋ ಅಲ್ಲಿ ಉಪಾಯವೂ ಹುಟ್ಟುತ್ತದೆ. ಇನಾಮು ಕಡಿಮೆಯಿರುವ ಕಡೆ ಹೊಡೆದು, ಹೆಚ್ಚಿರುವ ಕಡೆ ಕಿವಿ ಮಾರಿದರು. ಮರಿಗಳನ್ನು ಎತ್ತಿಕೊಂಡು ತಾಯಿಯನ್ನು ಬಿಟ್ಟರು, ಮುಂದಿನ ವರ್ಷಕ್ಕೂ ಬೆಳೆ ಬೇಕಲ್ಲ! ಖಜಾನೆ ಬರಿದಾಯಿತು, ಕಯೋಟಿ ಹಾಗೆಯೇ ಉಳಿಯಿತು. ಎಲ್ಲಕ್ಕಿಂತ ದೊಡ್ಡ ದೋಷ ಏನಪ್ಪಾ ಅಂದ್ರೆ, ಇನಾಮಿಗಾಗಿ ಕೊಲ್ಲುವವನು ಕುರಿ ತಿಂದ ಕಯೋಟಿಯನ್ನು ಹುಡುಕುವುದಿಲ್ಲ. ಸುಲಭವಾಗಿ ಸಿಕ್ಕಿದ್ದನ್ನು ಹೊಡೆಯುತ್ತಾನೆ. ಕುರಿ ಕಳೆದುಕೊಂಡ ರೈತ ಇದ್ದಲ್ಲೇ ಇರುತ್ತಾನೆ.

ಎರಡನೆಯ ಅಸ್ತ್ರ ವಿಷ. ೧೯೧೫ರಲ್ಲಿ ಅಮೆರಿಕದ ಸಂಸತ್ತು ಹಿಂಸ್ರಪಶುಗಳ ನಾಶಕ್ಕೆಂದು ೧,೨೫,೦೦೦ ಡಾಲರ್ ತೆಗೆದಿಟ್ಟಿತು. ೧೯೩೧ರಲ್ಲಿ ಅದಕ್ಕೆಂದೇ ಒಂದು ಕಾಯಿದೆ ಬಂತು. ಡೆನ್ವರ್ ನಗರದಲ್ಲಿ ವಿಷಗಳನ್ನು ಪರೀಕ್ಷಿಸಲು ಪ್ರಯೋಗಾಲಯ ನಡೆಯಿತು. ಅದರ ಹೆಸರಿನಲ್ಲೇ ‘ನಿರ್ಮೂಲನ’ ಎಂಬ ಮಾತು ಸೇರಿತ್ತು. ಮೊದಲು ಸ್ಟ್ರಿಕ್ನಿನ್ ಎಂಬ ಕಾಸರಕದ ವಿಷ. ನಮ್ಮ ಕಾಡಿನ ಕಾಸರಕದ ಬೀಜದಲ್ಲಿರುವುದೂ ಅದೇ. ಆಮೇಲೆ ಥ್ಯಾಲಿಯಂ. ೧೯೪೦ರ ದಶಕದಲ್ಲಿ ‘೧೦೮೦’ ಎಂಬ ಅಂಕಿಯಿಂದಲೇ ಹೆಸರಾದ ಇನ್ನೊಂದು ಘೋರ ವಿಷ. ಸತ್ತ ಕುದುರೆಗೂ ಮಾಂಸದ ತುಂಡುಗಳಿಗೂ ಸೇರಿಸಿ ಬಯಲಲ್ಲಿ ಇಡುವುದು. ಆದರೆ ವಿಷಕ್ಕೆ ಗುರುತು ತಿಳಿಯುತ್ತದೆಯೆ? ತಿಂದದ್ದೆಲ್ಲ ಸತ್ತಿತು. ರೈತನ ನಾಯಿ ಸತ್ತಿತು, ನರಿ ಸತ್ತಿತು, ಹದ್ದು ಸತ್ತಿತು. ೧೯೭೧ರಲ್ಲಿ ವಯೋಮಿಂಗ್ ರಾಜ್ಯದಲ್ಲಿ ಥ್ಯಾಲಿಯಂ ತಗುಲಿ ೨೦ಕ್ಕೂ ಹೆಚ್ಚು ಗಿಡುಗ ಜಾತಿಯ ದೊಡ್ಡ ಹಕ್ಕಿಗಳು ಸತ್ತುಬಿದ್ದವು. ಅವುಗಳಲ್ಲಿ ಅಮೆರಿಕದ ರಾಷ್ಟ್ರಪಕ್ಷಿಯೂ ಇತ್ತು. ದೇಶವೆಲ್ಲ ಕೋಲಾಹಲವಾಯಿತು. ೧೯೭೨ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರಿ ಭೂಮಿಯಲ್ಲಿ ಇಂಥ ವಿಷ ಇಡುವುದನ್ನು ಆಜ್ಞೆ ಹೊರಡಿಸಿ ನಿಲ್ಲಿಸಿದರು. ಮುಂದೆ ಆ ನಿಷೇಧ ಸ್ವಲ್ಪ ಸಡಿಲವಾದದ್ದೂ ಉಂಟು. ಆದರೆ ಬಯಲೆಲ್ಲ ವಿಷ ಹರಡುವ ಕಾಲ ಅಲ್ಲಿಗೆ ಮುಗಿಯಿತು.

ಈಗ ಇರುಳು ಬೇಟೆಯ ಮಾತಿಗೆ ಬರೋಣ.

ಹಿಂದಿನ ಕಾಲದ ಪಯಣಿಗರು ಕಯೋಟಿಯನ್ನು ಹಗಲು ಹೊತ್ತಿನಲ್ಲೇ ಬಿಡಾರದ ಸುತ್ತ ಕಂಡವರು. ಬೆಳಗಿನ ಜಾವ, ಮುಸ್ಸಂಜೆ ಅದಕ್ಕೆ ಪ್ರಿಯವಾದ ಹೊತ್ತು, ನಡುಹಗಲಲ್ಲೂ ತಿರುಗುತ್ತಿತ್ತು. ಹಗಲಲ್ಲಿ ಅದನ್ನು ಬೇಟೆನಾಯಿ ಬಿಟ್ಟು ಓಡಿಸಿದರು. ಊರವರೆಲ್ಲ ಮೈಲುಗಟ್ಟಲೆ ಸುತ್ತು ಕಟ್ಟಿ, ಸುತ್ತನ್ನು ಕಿರಿದು ಮಾಡುತ್ತ ನಡುವೆ ಸಿಕ್ಕಿದ್ದನ್ನು ಬಡಿದರು. ನಮ್ಮಲ್ಲಿ ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಅನ್ನುತ್ತಾರಲ್ಲ, ಥೇಟ್ ಹಾಗೆ. ಕಯೋಟಿ ಮಂಕಲ್ಲ. ಹಗಲು ಕಂಡರೆ ಗುಂಡು ಬೀಳುತ್ತದೆ ಎಂದು ಕಲಿತುಕೊಂಡಿತು, ಇರುಳಿಗೆ ಸರಿಯಿತು. ಇದು ಬರಿಯ ಊಹೆಯಲ್ಲ. ಕೊಲರಾಡೋ ರಾಜ್ಯದಲ್ಲಿ ಸೈನ್ಯದ ತಾಲೀಮಿಗೆಂದು ವಹಿಸಿಕೊಂಡ ಒಂದು ದೊಡ್ಡ ಬಯಲುಂಟು. ಅಲ್ಲಿಯ ಕಯೋಟಿಗಳ ಓಡಾಟವನ್ನು ವಿಜ್ಞಾನಿಗಳು ೧೯೮೦ರ ದಶಕದಲ್ಲೊಮ್ಮೆ, ೧೯೯೦ರ ದಶಕದ ಕೊನೆಯಲ್ಲೊಮ್ಮೆ ಲೆಕ್ಕ ಹಾಕಿ, ೨೦೦೦ದಲ್ಲಿ ಪ್ರಕಟಿಸಿದರು. ಜನರ ಕಾಟ ನಿಂತು ವರ್ಷಗಳಾದ ಮೇಲೆ ಅವು ಮತ್ತೆ ಹಗಲಲ್ಲಿ ಹೆಚ್ಚು ತಿರುಗತೊಡಗಿದ್ದವು.

ಅಂದ ಮೇಲೆ ಹಗಲಿನ ಪ್ರಾಣಿಯನ್ನು ಇರುಳಿಗೆ ಅಟ್ಟಿದವನು ಮನುಷ್ಯ. ಆಮೇಲೆ ದೀಪ ಹಿಡಿದು ಅದನ್ನು ಇರುಳಲ್ಲಿ ಹುಡುಕಲು ಹೊರಟವನೂ ಮನುಷ್ಯನೇ.

ದೀಪದ ಬೇಟೆಗೆ ಆಧಾರ ಒಂದು ಸಣ್ಣ ಸಂಗತಿ. ರಾತ್ರಿ ತಿರುಗುವ ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪೊರೆಯೊಂದಿದೆ. ಒಳಹೊಕ್ಕ ಬೆಳಕನ್ನು ಅದು ಮರಳಿ ಚಿಮ್ಮಿಸುತ್ತದೆ. ಹೀಗಾಗಿ ಕತ್ತಲಲ್ಲೂ ಅವಕ್ಕೆ ಚೆನ್ನಾಗಿ ಕಾಣುತ್ತದೆ. ನಮ್ಮ ಕೊಟ್ಟಿಗೆಗೆ ಬ್ಯಾಟರಿ ಬಿಟ್ಟಾಗ ಎಮ್ಮೆಯ ಕಣ್ಣು ಹೊಳೆಯುವುದಿಲ್ಲವೆ, ಅದೇ. ಮೋಟಾರು ಬಂದ ಮೇಲೆ ಬೇಟೆಗಾರ ಅದರ ಬ್ಯಾಟರಿಗೆ ಕೈದೀಪ ಜೋಡಿಸಿದ. ಮೈಲಿಗೊಂದರಂತೆ ಚಾಚಿದ ಆ ಹೊಲದ ರಸ್ತೆಗಳು ಅವನಿಗೆ ಹೊಲದ ನಡುವಿಗೂ ದಾರಿ ಮಾಡಿಕೊಟ್ಟವು. ಕಯೋಟಿಯ ಕಣ್ಣಿಗೆ ಕೆಂಪು ಬೆಳಕು ಅಷ್ಟಾಗಿ ತಟ್ಟುವುದಿಲ್ಲ ಎಂದು ತಿಳಿದ ಮೇಲೆ ದೀಪಕ್ಕೆ ಕೆಂಪು ಗಾಜು ಹಾಕಿದ.

ಬರೀ ದೀಪದಿಂದ ಆಗುವುದಿಲ್ಲ, ಕರೆಯಬೇಕು. ಮೊಲ ಬಲೆಗೆ ಬಿದ್ದು ಕಿರುಚುವ ದನಿಯನ್ನು ಪೀಪಿಯಲ್ಲಿ ಊದಿದರೆ ಕಯೋಟಿ ಊಟ ಸಿಕ್ಕಿತೆಂದು ಬರುತ್ತದೆ. ಟೆಕ್ಸಾಸ್ ರಾಜ್ಯದ ಬರ್ನಮ್ ಸಹೋದರರು ೧೯೫೦ರ ದಶಕದಲ್ಲಿ ಇಂಥ ಪೀಪಿಗಳನ್ನು ಅಂಚೆಯ ಮೂಲಕ ಮಾರಿ ಹೆಸರಾದರು. ಅದೇ ರಾಜ್ಯದ ಜಾನಿ ಸ್ಟೀವರ್ಟ್ ಎಂಬವರು ೧೯೬೦ರ ದಶಕದಲ್ಲಿ ನಿಜವಾದ ಪ್ರಾಣಿಗಳ ಕೂಗನ್ನೇ ಗ್ರಾಮಫೋನ್ ತಟ್ಟೆಗೆ ಹಿಡಿದರು.

ಬೇಟೆಯ ರೀತಿ ಹೀಗೆ. ಹೆಚ್ಚಾಗಿ ಚಳಿಗಾಲದ ರಾತ್ರಿ. ಆಗ ಚರ್ಮದ ಕೂದಲು ದಟ್ಟವಾಗಿರುತ್ತದೆ. ಹೊಲದಲ್ಲಿ ಗೋದಿ ಗೇಣುದ್ದ ಮಾತ್ರ, ಮರೆಯಿಲ್ಲ. ಇಬ್ಬರು ಬೇಟೆಗಾರರು ಗಾಳಿಗೆ ಮುಖವೊಡ್ಡಿ ಬೇಲಿಯ ಬುಡದಲ್ಲಿ ಕೂರುತ್ತಾರೆ. ಒಬ್ಬನದು ದೀಪ, ಒಬ್ಬನದು ಬಂದೂಕು. ಮೊಲದ ಕೂಗು ಊದಿ, ದೀಪವನ್ನು ನೆಲಕ್ಕೆ ಬಿಡದೆ, ಅದರ ಅಂಚಿನ ಮಬ್ಬು ಬೆಳಕನ್ನು ಮಾತ್ರ ಹೊಲದ ಮೇಲೆ ನಿಧಾನಕ್ಕೆ ಆಡಿಸುತ್ತಾರೆ. ಹತ್ತು ನಿಮಿಷವೋ ಇಪ್ಪತ್ತು ನಿಮಿಷವೋ, ದೂರದಲ್ಲಿ ಎರಡು ಕಿಡಿ ಕಾಣುತ್ತವೆ. ಕಿಡಿಗಳು ನೇರವಾಗಿ ಬರುವುದಿಲ್ಲ. ಬಳಸಿಕೊಂಡು, ಬೇಟೆಗಾರನ ಮೈವಾಸನೆ ಸಿಗುವ ಗಾಳಿಯ ದಿಕ್ಕಿಗೆ ಸುತ್ತುತ್ತವೆ. ವಾಸನೆ ಸಿಕ್ಕಿತೋ, ಕಿಡಿ ಆರಿಹೋಯಿತು. ಸಿಗದಿದ್ದರೆ ಒಂದು ಗುಂಡಿನ ಸದ್ದು.

ಕೇಳಲು ರೋಚಕವಾಗಿದೆ. ಆದರೆ ಆ ಎರಡು ಕಿಡಿ ಯಾರದು? ಕರುವಿನ ಕಣ್ಣೂ ಹೊಳೆಯುತ್ತದೆ, ನೆರೆಯವನ ನಾಯಿಯ ಕಣ್ಣೂ ಹೊಳೆಯುತ್ತದೆ. ಬಯಲಿನಲ್ಲಿ ತಪ್ಪಿದ ಗುಂಡು ಮೈಲಿಗಟ್ಟಲೆ ಹಾರುತ್ತದೆ. ಅದರ ದಾರಿಯಲ್ಲಿ ಯಾರ ಮನೆ ಇದೆಯೋ ಕತ್ತಲಲ್ಲಿ ಕಾಣುವುದಿಲ್ಲ. ಮೇಲಾಗಿ ದೀಪ ಹಿಡಿದು ಹೊರಟವರಲ್ಲಿ ಜಿಂಕೆ ಕದಿಯುವವರೂ ಇದ್ದರು. ಆದಕಾರಣ ಟೆಕ್ಸಾಸಿನಂಥ ಕಡೆ ಖಾಸಗಿ ಹೊಲದಲ್ಲಿ ಇದಕ್ಕೆ ಅನುಮತಿ ಇದ್ದರೂ, ಬೇರೆ ಎಷ್ಟೋ ರಾಜ್ಯಗಳು ದೀಪದ ಬೇಟೆಯನ್ನು ನಿಷೇಧಿಸಿದವು. ಅಮೆರಿಕದಲ್ಲೂ ಯಾರು ಬೇಕಾದರೂ ಎಲ್ಲಿ ಬೇಕಾದರೂ ಹೊಡೆಯಬಹುದು ಎಂಬುದು ತಪ್ಪು ತಿಳಿವಳಿಕೆ.

ಕ್ಯಾನ್ಸಾಸ್ ರಾಜ್ಯ ಬಹುಕಾಲ ಇದಕ್ಕೆ ಬಾಗಿಲು ತೆರೆಯಲಿಲ್ಲ. ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆಂದು ಹುಟ್ಟಿದ ಇರುಳುಗಾಣುವ ದುರ್ಬೀನು, ಆಮೇಲೆ ಮೈಬಿಸಿಯನ್ನೇ ಚಿತ್ರವಾಗಿ ತೋರಿಸುವ ದುರ್ಬೀನು ಅಂಗಡಿಗೆ ಬಂದವು. ಕೊನೆಗೆ ೨೦೨೧ರ ಜನವರಿಯಿಂದ ಕ್ಯಾನ್ಸಾಸ್ ಇವನ್ನು ಕಯೋಟಿ ಬೇಟೆಗೆ ಬಳಸಲು ಒಪ್ಪಿತು. ಅದೂ ವಿಶೇಷ ಪರವಾನಗಿ ಪಡೆದು, ಜನವರಿಯಿಂದ ಮಾರ್ಚ್ ಕೊನೆಯವರೆಗೆ ಮಾತ್ರ, ವಾಹನದ ಸಹಾಯವಿಲ್ಲದೆ. ಆ ಹುಡುಗ ಕೇಳಿದ್ದ ಬೇಟೆ ಇದೇ.

ಹಾಗಾದರೆ ಫಲವೇನು? ಇನಾಮು, ವಿಷ, ಬೋನು, ವಿಮಾನ, ದೀಪ ಎಲ್ಲವೂ ಆದವು. ಅಮೆರಿಕದ ಕೇಂದ್ರ ಸರ್ಕಾರದ ಇಲಾಖೆಯೊಂದೇ ೨೦೨೧ರಲ್ಲಿ ಸುಮಾರು ೬೪ ಸಾವಿರ ಕಯೋಟಿಗಳನ್ನು ಕೊಂದಿತು. ಬೇಟೆಗಾರರು ಕೊಂದದ್ದು ಬೇರೆ. ಇಷ್ಟಾಗಿಯೂ, ಒಂದು ಕಾಲಕ್ಕೆ ಪಶ್ಚಿಮದ ಬಯಲಿಗಷ್ಟೇ ಸೇರಿದ್ದ ಪ್ರಾಣಿ ಇಂದು ಅಲಾಸ್ಕಾದ ಹಿಮದಿಂದ ಪನಾಮದ ತನಕ ಹಬ್ಬಿದೆ. ಚಿಕಾಗೋ ಪಟ್ಟಣದ ನಡುವೆಯೂ ಇದೆ. ಬಾಂಧವರೆ, ಕೊಂದಷ್ಟೂ ಹೆಚ್ಚಿದ್ದು ಯಾಕೆ?

ಒಂದು ಕಾರಣ ಹೇಳಿದೆ, ತೋಳ ಹೋದದ್ದು. ಇನ್ನೊಂದು ಕಾರಣ ಅದರ ಸಂಸಾರದಲ್ಲಿದೆ. ಕಯೋಟಿ ಗಂಡುಹೆಣ್ಣು ಜೋಡಿಯಾಗಿ ಒಂದು ಸೀಮೆ ಹಿಡಿದು ಬಾಳುತ್ತವೆ. ಜೊತೆಗಿರುವ ಮಿಕ್ಕವು ಸಾಮಾನ್ಯವಾಗಿ ಮರಿ ಹಾಕುವುದಿಲ್ಲ. ನೀವು ಕೊಂದು ಜಾಗ ಖಾಲಿ ಮಾಡಿದಿರಿ ಅನ್ನಿ. ಪಕ್ಕದ ಸೀಮೆಯಿಂದ ಎಳೆಯವು ಬಂದು ಕೂರುತ್ತವೆ. ಬಾಯಿ ಕಡಿಮೆಯಾದ್ದರಿಂದ ಉಳಿದವಕ್ಕೆ ಮೇವು ಹೆಚ್ಚು ಸಿಗುತ್ತದೆ. ಎಳೆಯ ಹೆಣ್ಣುಗಳೂ ಈಯುತ್ತವೆ, ಮರಿಗಳ ಸಂಖ್ಯೆ ಏರುತ್ತದೆ, ಬದುಕುವ ಮರಿಗಳೂ ಹೆಚ್ಚುತ್ತವೆ. ಕತ್ತರಿಸಿದ ತುಳಸಿಗಿಡ ನಾಲ್ಕು ಕಡೆ ಚಿಗುರೊಡೆದ ಹಾಗೆ. ೧೯೭೫ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ವಿಜ್ಞಾನಿಗಳು, ಕಾನ್ನೊಲಿ ಮತ್ತು ಲಾಂಗ್‌ಹರ್ಸ್ಟ್, ಗಣಕಯಂತ್ರದಲ್ಲಿ ಲೆಕ್ಕ ಹಾಕಿದರು. ವರ್ಷವರ್ಷವೂ ನೂರಕ್ಕೆ ೭೫ರಂತೆ ಕೊಂದರೂ ಅವುಗಳ ಬೇರು ಕೀಳಲು ೫೦ ವರ್ಷ ಹಿಡಿಯುತ್ತದೆ ಎಂದು ಬಂತು. ನೂರಕ್ಕೆ ೭೫ ಕೊಲ್ಲುವುದು ಯಾವ ದೀಪದಿಂದ ತಾನೇ ಸಾಧ್ಯ?

ಮೂರನೆಯ ಕಾರಣವೇ ಮುಖ್ಯವಾದದ್ದು. ಎಲ್ಲ ಕಯೋಟಿಯೂ ಕುರಿಗಳ್ಳ ಅಲ್ಲ. ೧೯೩೦ರ ದಶಕದ ಕೊನೆಯಲ್ಲಿ ಆಡಾಲ್ಫ್ ಮ್ಯೂರಿ ಎಂಬ ವಿಜ್ಞಾನಿ ಯೆಲ್ಲೊಸ್ಟೋನಿನಲ್ಲಿ ಕಯೋಟಿಯ ಹಿಕ್ಕೆಗಳನ್ನು ಐದು ಸಾವಿರಕ್ಕೂ ಮಿಕ್ಕಿ ಹೆಕ್ಕಿ, ಬಿಡಿಸಿ ನೋಡಿದರು. ಹೆಚ್ಚಿನ ಪಾಲು ಹೊಲದಿಲಿ, ಹೆಗ್ಗಣದಂಥವುಗಳ ಕೂದಲು, ಮೂಳೆ. ೧೯೯೯ರಲ್ಲಿ ಕ್ಯಾಲಿಫೋರ್ನಿಯಾದ ಕುರಿ ಕ್ಷೇತ್ರವೊಂದರ ಅಧ್ಯಯನ ಇನ್ನೂ ಸ್ಪಷ್ಟವಾಗಿ ಹೇಳಿತು: ಕುರಿ ಕೊಲ್ಲುವವು ಹೆಚ್ಚಾಗಿ ಆ ಸೀಮೆಯನ್ನು ಹಿಡಿದಿರುವ, ಮರಿ ಸಾಕುವ ಜೋಡಿಗಳು. ಅವು ಪಳಗಿದ ಕಳ್ಳರು. ಬಲೆಗೂ ಬೀಳವು, ಪೀಪಿಗೂ ಬರವು. ಬಲಿಯಾಗುವುದು ಅಲೆಯುತ್ತಿರುವ ಎಳೆಯ ಪ್ರಾಣಿ. ಬೇಟೆಗಾರ ಬೆಳಗಾಗೆದ್ದು ನಾಲ್ಕು ಹೊಡೆದೆನೆಂದು ಹಿಗ್ಗುತ್ತಾನೆ. ಕಳ್ಳ ಮರುದಿನ ರಾತ್ರಿ ಮತ್ತೆ ಹಟ್ಟಿಗೆ ಬರುತ್ತಾನೆ.

ಇದನ್ನು ಎಲ್ಲರಿಗಿಂತ ಮೊದಲು ಅರಿತು ಕೆಲಸಕ್ಕಿಳಿಸಿದವರು, ಹೇಳಲು ನನಗೆ ಸಂತೋಷ, ನಮ್ಮಂಥ ವಿಸ್ತರಣಾ ಕಾರ್ಯಕರ್ತರು. ೧೯೪೫ರಲ್ಲಿ ಮಿಸೌರಿ ರಾಜ್ಯ ಒಂದು ಹೊಸ ದಾರಿ ಹಿಡಿಯಿತು. ಕೊಲ್ಲಲು ಆಳುಗಳನ್ನು ಕಳಿಸುವುದರ ಬದಲು ಕಲಿಸುವವರನ್ನು ಕಳಿಸಿತು. ಪಕ್ಕದ ಕ್ಯಾನ್ಸಾಸ್ ೧೯೪೯ರಲ್ಲಿ ಅದೇ ಕೆಲಸವನ್ನು ತನ್ನ ಕೃಷಿ ಕಾಲೇಜಿನ ವಿಸ್ತರಣಾ ಸೇವೆಗೆ ಒಪ್ಪಿಸಿತು. ೧೯೨೪ರಿಂದಲೇ ತನ್ನ ಸ್ವಂತ ರೇಡಿಯೋ ಕೇಂದ್ರದಿಂದ ರೈತರಿಗೆ ಪಾಠ ಹೇಳುತ್ತಿದ್ದ ಕಾಲೇಜು ಅದು. ೧೯೬೪ರಲ್ಲಿ ಬೆಂಗಳೂರಿನಲ್ಲಿ ನಮ್ಮ ಕೃಷಿ ವಿಶ್ವವಿದ್ಯಾಲಯ ಹುಟ್ಟಿದ್ದೂ ಅಮೆರಿಕದ ಇಂಥ ಕಾಲೇಜುಗಳ ಮಾದರಿಯಲ್ಲೇ. ೧೯೭೦ರ ಹೊತ್ತಿಗೆ ಕ್ಯಾನ್ಸಾಸಿನ ಇನಾಮು ಪದ್ಧತಿಯೂ ಕೊನೆಗೊಂಡಿತು.

ಆ ಶಿಕ್ಷಕ ರೈತನ ಹೊಲಕ್ಕೆ ಬಂದು ಮೊದಲು ಮಾಡುತ್ತಿದ್ದುದು ಏನು ಗೊತ್ತೆ? ಬಂದೂಕು ತೆಗೆಯುತ್ತಿರಲಿಲ್ಲ. ಸತ್ತ ಕುರಿಯ ಕುತ್ತಿಗೆಯ ಚರ್ಮ ಬಿಡಿಸುತ್ತಿದ್ದ. ಕಯೋಟಿ ಕೊಂದದ್ದಾದರೆ ದವಡೆಯ ಕೆಳಗೆ, ಗಂಟಲಿನಲ್ಲಿ ಹಲ್ಲು ಊರಿದ ತೂತು; ಚರ್ಮದಡಿ ರಕ್ತ ಹೆಪ್ಪುಗಟ್ಟಿರುತ್ತದೆ. ಸಾಕುನಾಯಿ, ಬೀದಿನಾಯಿಯ ಕೆಲಸವಾದರೆ ಹಿಂದೊಡೆ, ಪಕ್ಕೆ, ಕಿವಿ ಕಂಡಕಂಡಲ್ಲಿ ಹರಿದಿರುತ್ತವೆ. ತೂತಿದ್ದು ಚರ್ಮದಡಿ ರಕ್ತವಿಲ್ಲದಿದ್ದರೆ ಕುರಿ ರೋಗದಿಂದ ಮೊದಲೇ ಸತ್ತಿತ್ತು, ಪ್ರಾಣಿ ಆಮೇಲೆ ಬಂದು ತಿಂದಿತು ಎಂದು ಅರ್ಥ. ಕೊಂದದ್ದು ಕಯೋಟಿಯೇ ಎಂದು ಖಚಿತವಾದರೆ, ಆ ಒಂದನ್ನು ಅದು ಬರುವ ದಾರಿಯಲ್ಲೇ ಹಿಡಿಯುವುದನ್ನು ರೈತನಿಗೇ ಕಲಿಸುತ್ತಿದ್ದ. ಜೊತೆಗೆ, ಸತ್ತ ದನವನ್ನು ಬಯಲಲ್ಲಿ ಬಿಸಾಡಬೇಡ, ರುಚಿ ಹತ್ತಿಸಬೇಡ. ಈಯುವ ಕುರಿಗಳನ್ನು ಮನೆಯ ಹತ್ತಿರ ಇಟ್ಟುಕೋ. ರಾತ್ರಿ ದೊಡ್ಡಿಗೆ ತುಂಬು ಎಂದು ಹೇಳುತ್ತಿದ್ದ.

ಮುಂದೆ ೧೯೭೦ರ ದಶಕದ ಕೊನೆಯಲ್ಲಿ ಅಮೆರಿಕದವರು ಇನ್ನೊಂದು ಹೆಜ್ಜೆ ಇಟ್ಟರು. ೧೯೭೭ರಲ್ಲಿ ಮ್ಯಾಸಚೂಸೆಟ್ಸಿನ ಹ್ಯಾಂಪ್‌ಶೈರ್ ಕಾಲೇಜಿನ ಕಾಪಿಂಜರ್ ದಂಪತಿಗಳು ಇಟಲಿ, ತುರ್ಕಿ ಮೊದಲಾದ ಹಳೆಯ ಕುರುಬರ ನಾಡುಗಳ ಕಾವಲು ನಾಯಿಯ ತಳಿಗಳನ್ನು ತರಿಸಿ, ಮರಿಯಾಗಿರುವಾಗಲೇ ಕುರಿಗಳ ನಡುವೆ ಬೆಳೆಸಿ ರೈತರಿಗೆ ಕೊಡತೊಡಗಿದರು. ಐಡಾಹೋ ರಾಜ್ಯದ ಕುರಿ ಸಂಶೋಧನಾ ಕೇಂದ್ರದಲ್ಲೂ ಪರೀಕ್ಷೆ ನಡೆಯಿತು. ನಾಯಿ ಕುರಿಯನ್ನೇ ತನ್ನ ಬಳಗ ಎಂದು ತಿಳಿದು ರಾತ್ರಿಯೆಲ್ಲ ಎಚ್ಚರವಿರುತ್ತದೆ. ನೋಡಿ ವಿಚಿತ್ರ! ನೂರು ವರ್ಷ ವಿಷ, ಗುಂಡು ಖರ್ಚು ಮಾಡಿದ ಮೇಲೆ ಅವರು ಬಂದು ಮುಟ್ಟಿದ್ದು ನಮ್ಮ ಕುರುಬರ ಅಜ್ಜ ಮುತ್ತಜ್ಜರು ಹಿಡಿದಿದ್ದ ಹಾದಿಗೆ: ಮಂದೆಗೆ ನಾಯಿ, ರಾತ್ರಿಗೆ ದೊಡ್ಡಿ, ಬಳಿಯಲ್ಲಿ ಎಚ್ಚರವಿರುವ ಮನುಷ್ಯ.

ಹಾಗಂತ ಅಲ್ಲಿಯ ರೈತನನ್ನು ಮೂರ್ಖ ಅನ್ನಬೇಡಿ. ಅವನ ನಷ್ಟ ನಿಜವಾದದ್ದು. ಹಿಂಸ್ರಪಶುಗಳ ಬಾಯಿಗೆ ಹೋಗುವ ಕುರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಯೋಟಿಯ ಪಾಲು ಎಂದು ೨೦೧೪ರ ಸರ್ಕಾರಿ ಲೆಕ್ಕವೇ ಹೇಳಿತು. ೧೯೪೨ರಲ್ಲಿ ಅಮೆರಿಕದಲ್ಲಿ ಸುಮಾರು ಐದೂವರೆ ಕೋಟಿ ಕುರಿಗಳಿದ್ದವು. ಈಗ ಸುಮಾರು ೫೦ ಲಕ್ಷ. ಉಣ್ಣೆಯ ಬೆಲೆ ಕುಸಿದದ್ದು, ನೈಲಾನು ಬಟ್ಟೆ ಬಂದದ್ದು, ಜನ ಕುರಿಮಾಂಸ ಬಿಟ್ಟದ್ದು, ಕುರಿ ಕಾಯುವ ಆಳು ಸಿಗದದ್ದು, ಎಲ್ಲವೂ ಕಾರಣ. ಆದರೆ ಬೆಲೆಯನ್ನು ಗುಂಡಿಟ್ಟು ಹೊಡೆಯಲು ಬರುವುದಿಲ್ಲ. ಕಯೋಟಿ ಕಣ್ಣಿಗೆ ಕಾಣುವ ಶತ್ರು. ಸೋತವನ ಸಿಟ್ಟು ಕಾಣುವ ಶತ್ರುವಿನ ಮೇಲೆ ತಿರುಗುವುದು ಸಹಜ. ಹಟ್ಟಿಯ ಆ ಹುಡುಗನ ಸಿಟ್ಟೂ ಅಂಥದ್ದೇ.

ಆ ಹುಡುಗನ ಬಳಿಗೆ ಮತ್ತೆ ಹೋದೆ. ಈ ಕಥೆಯನ್ನೆಲ್ಲ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಅವ್ರೂ ಸೋತಾರೇನ್ರೀ?” ಅಂದ. “ಕೊಂದು ಗೆಲ್ಲಲಿಲ್ಲಪ್ಪ, ಕಾದವರು ಗೆದ್ದರು” ಅಂದೆ. ಹಿರಿಯರು ನಕ್ಕು, ದೊಡ್ಡಿಯ ಹರಿದ ಬಲೆ ತೋರಿಸಿದರು. ಆ ರಾತ್ರಿ ತೋಳ ನುಗ್ಗಿದ್ದು ಅದೇ ಕಂಡಿಯಿಂದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎನ್ನಬಹುದು, ಆದರೂ ಹಾಕಿದರು. ಕಂಡಿ ಮುಚ್ಚಿ, ಸುತ್ತ ಎದೆಮಟ್ಟ ಜಾಲಿಮುಳ್ಳು ಒಟ್ಟಿ, ಎರಡು ನಾಯಿಮರಿಗಳನ್ನು ಕುರಿಮರಿಗಳ ಜೊತೆಗೇ ಬೆಳೆಸುತ್ತಿದ್ದಾರೆ. ಸತ್ತ ಕುರಿಯನ್ನು ಆಳವಾಗಿ ಹೂಳುತ್ತಾರೆ. ಆಮೇಲೂ ಒಂದು ಮರಿ ಹೋಯಿತು, ಸುಳ್ಳು ಹೇಳಲಾರೆ. ಅದು ಸಂಜೆ ಹಿಂದುಳಿದ ಮರಿ. ದೊಡ್ಡಿಯೊಳಗಿಂದ ಮಾತ್ರ ಒಂದೂ ಹೋಗಿಲ್ಲ.

ಬಾಂಧವರೆ, ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ತೋಳ, ನರಿಗಳನ್ನು ಕೊಲ್ಲುವುದೂ ವಿಷವಿಡುವುದೂ ಅಪರಾಧ. ಆದರೆ ಕಾನೂನಿನ ಭಯಕ್ಕೆ ಮಾತ್ರ ಸುಮ್ಮನಿರಿ ಎಂದು ನಾನು ಹೇಳುವುದಿಲ್ಲ. ಹಳ್ಳದ ದಂಡೆಯಲ್ಲಿ ಇಟ್ಟ ವಿಷ ಮೊದಲು ನಿಮ್ಮ ನಾಯಿಯನ್ನೇ ಕೊಲ್ಲುತ್ತದೆ, ಆ ನೀರು ಕುಡಿಯುವ ದನಕ್ಕೂ ಕೇಡು. ಕುರಿ ಸತ್ತರೆ ಮೊದಲು ಕುತ್ತಿಗೆ ನೋಡಿ, ಕೊಂದವರು ಯಾರೆಂದು ತಿಳಿಯಿರಿ. ತೋಳವಾದರೆ ದೇಹವನ್ನು ಹೂಳುವ ಮುಂಚೆ ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ತಿಳಿಸಿ, ಪರಿಹಾರಕ್ಕೆ ಅರ್ಜಿ ಕೊಡಿ. ಸಂಜೆ ಮಂದೆಯನ್ನು ಎಣಿಸಿ ದೊಡ್ಡಿಗೆ ತುಂಬಿ. ಬೇಲಿಯ ಕಂಡಿ ಇವತ್ತೇ ನೋಡಿಕೊಳ್ಳಿ, ನಾಳೆಗೆ ಬಿಡಬೇಡಿ.

ದೂರದ ಬಯಲಲ್ಲಿ ಇರುಳೆಲ್ಲ ಅಲೆದ ದೀಪಕ್ಕಿಂತ ನಿಮ್ಮ ಹಟ್ಟಿಯ ಬಾಗಿಲಲ್ಲಿ ಉರಿಯುವ ಒಂದು ಲಾಟೀನು ಹೆಚ್ಚು ಕುರಿ ಉಳಿಸುತ್ತದೆ.